ಬಾಗಿಲು ಮುಚ್ಚಿಸಿ ತೆಗೆದ ಚಿತ್ರ

ಕುವೈತಿಗೆ ಬಂದ ಮೇಲೆ ಶರ್ಕ್ ಬಡಾವಣೆಯ ಫೋಟೋಗ್ರಫಿ ತರಗತಿಯೊಂದಕ್ಕೆ ಸೇರಿದ್ದೆ. ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳನ್ನು ನೋಡುವ ನನಗೆ ಮನುಷ್ಯರಿಲ್ಲದ ಚಿತ್ರಗಳು ಹಿತವೆನಿಸುತ್ತಿದ್ದವು. ನೂರು ವರ್ಷದ ಹಿಂದೆ ಅಮೆರಿಕದ ಹಳ್ಳಿಗಳಲ್ಲಿ ತೆಗೆದ ಕೊಟ್ಟಿಗೆಗಳ ಕಪ್ಪು-ಬಿಳುಪು ಚಿತ್ರಗಳನ್ನು ಮೇಷ್ಟ್ರು ತೋರಿಸಿದರು. ಬರೀ ಹಲಗೆ, ಸೂರಿನ ಅಂಚು, ಗೋಡೆಯನ್ನು ಸೀಳಿದ ನೆರಳು. ಅಂಥದ್ದೊಂದು ನನಗೂ ಬೇಕೆನಿಸಿತು.

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ವಫ್ರಾದ ತೋಟಗಳ ಕಡೆ ಹೋದೆ. ಸುಣ್ಣ ಬಳಿದ ಕುರಿಕೊಟ್ಟಿಗೆ, ತಗಡಿನ ಮಾಡು, ಅದರದೇ ತುದಿಯಲ್ಲಿ ಕೆಲಸದವರ ಕೋಣೆ. ತೋಟ ನೋಡಿಕೊಳ್ಳುತ್ತಿದ್ದವರು ಬಂಟ್ವಾಳದ ಕಡೆಯ ಬ್ಯಾರಿ. ನನ್ನ ಕನ್ನಡ ಕೇಳಿ ಅವರ ಮುಖ ಅರಳಿತು.

ಕೋಣೆಯ ತೆರೆದ ಬಾಗಿಲು ಮಾತ್ರ ಚಿತ್ರ ಕೆಡಿಸುತ್ತಿತ್ತು.

"ಬಾಗಿಲು ಹಾಕ್ತೀರಾ?"

"ಒಳಗೆ ನಮ್ಮ ಬಂಗಾಳಿ ಭಾಯಿ ಮಲಗಿದ್ದಾನೆ ಮೇಡಂ. ನಿನ್ನೆಯಿಂದ ಹುಷಾರಿಲ್ಲ. ಎಸಿ ಹಾಳಾಗಿ ಉಂಟು, ಬಾಗಿಲು ಹಾಕಿದ್ರೆ ಸೆಕೆ."

"ಎರಡೇ ನಿಮಿಷ."

ಹಾಕಿದರು. ಸೂರಿನ ನೆರಳು ಗೋಡೆಯ ನಡುವಿಗೆ ಇಳಿಯಲೆಂದು ಕಾದೆ. ಮುಕ್ಕಾಲು ಗಂಟೆಯಾಯಿತು. ಅವರು ಎರಡು ಸಲ ಬಾಗಿಲ ಕಡೆ ನೋಡಿದರು. ನಾನು ಡಾಕ್ಟರೆಂದು ಅವರಿಗೆ ತಿಳಿಸಿರಲಿಲ್ಲ. ತಿಳಿದರೆ ಒಳಗೆ ಕರೆಯುತ್ತಾರೆಂದು ಗೊತ್ತಿತ್ತು.

"ಖಲಾಸಾ ಮೇಡಂ?" ಎಂದು ಕೇಳಿ ಬಾಗಿಲು ತೆಗೆದವರು ಒಳಗಿನಿಂದ ಕೂಗಿಕೊಂಡರು.

ಓಡಿದೆ. ಮೂವತ್ತು ದಾಟದ ಹುಡುಗ. ಮೈ ಒಣಗಿ ಕೆಂಡದಂತಿತ್ತು, ಪ್ರಜ್ಞೆ ಇರಲಿಲ್ಲ. ಕುರಿಗಳ ತೊಟ್ಟಿಯಿಂದ ನೀರು ತಂದು ಸುರಿದೆವು, ಕಾರಿನಲ್ಲಿ ಮಲಗಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದೆವು. ಮೂರನೆಯ ದಿನ ತೀರಿಕೊಂಡ. ಆ ಬಾಗಿಲು ತೆರೆದಿದ್ದರೆ ಉಳಿಯುತ್ತಿದ್ದನೋ ಏನೋ, ವೈದ್ಯೆಯಾಗಿಯೂ ನಾನು ಹೇಳಲಾರೆ.

ಮೇಷ್ಟ್ರು ಆ ಚಿತ್ರವನ್ನು ಪ್ರದರ್ಶನಕ್ಕೆ ಆರಿಸಿದರು. ನಾನು ಬೇಡವೆನ್ನಲಿಲ್ಲ. ಒಂದು ವಾರ ಗೋಡೆಯ ಮೇಲೆ ತೂಗಿತ್ತು. ಜನ ನಿಂತು ನೋಡಿದರು, ನೆರಳನ್ನು ಹೊಗಳಿದರು.

ಪ್ರದರ್ಶನ ಮುಗಿದ ಮೇಲೆ ತೋಟಕ್ಕೆ ಹೋಗಿ ಆ ಬ್ಯಾರಿಯವರಿಗೆ ನಾನು ಡಾಕ್ಟರೆಂದು ಹೇಳಿದೆ.

"ಆ ದಿವಸ ಹೇಳ್ಬಹುದಿತ್ತಲ್ಲ ಮೇಡಂ," ಎಂದರು. "ನಾನಾದ್ರೂ ಬಾಗಿಲು ತೆಗೀಬಹುದಿತ್ತು. ಊರಿನವ್ರು ಅಪರೂಪಕ್ಕೆ ಬಂದಿದ್ದಾರೆ, ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."