ಅಳಿಯನ ಕೋಳಿಗೆ ಕಟ್ಟಿದ ಗೂಡು

ನಮ್ಮ ಗೊಹುಂಗ್ ಸೀಮೆಯಲ್ಲಿ ಕಲ್ಲು ಕಟ್ಟುವುದಕ್ಕೆ ಗ್ವಾಕ್ ಪಾನ್‌ದೊಲ್ ಎತ್ತಿದ ಕೈ. ಅವನ ಗೋಡೆಗಳು ಕಡಲ ಬಿರುಗಾಳಿಗೂ ಜಗ್ಗಿಲ್ಲ. ಅವನ ಮಗ ಊರ ಬಾವಿಗೆ ಕಲ್ಲು ಕೂರಿಸಿದವನು. ಆ ಮಗನ ಮಗಳೇ ಒಕ್‌ಸಿಮ್.

ಅವಳ ಮಗಳು ಮದುವೆಯಾಗಿ ಗಂಡನೊಡನೆ ಮೊದಲ ಸಲ ತವರಿಗೆ ಬರುವವಳಿದ್ದಳು. ಅತ್ತೆ ತಾನು ಸಾಕಿದ, ಮೊಟ್ಟೆಯಿಡುವ ಹೇಂಟೆಯನ್ನೇ ಬೇಯಿಸಿ ಬಡಿಸುವುದು ನಮ್ಮಲ್ಲಿ ಅಳಿಯನಿಗೆ ದೊಡ್ಡ ಮರ್ಯಾದೆ. ಅಳಿಯ ಬರುವ ತನಕ ಒಕ್‌ಸಿಮ್‌ಳ ಕೆಂಪು ಹೇಂಟೆಯನ್ನು ಜೋಪಾನವಾಗಿಡಲು ಹಿತ್ತಲಲ್ಲಿ ಗೂಡು ಬೇಕಾಯಿತು. ಹಳೆಯ ಪೈಪು, ಹರಿದ ಮೀನುಬಲೆಯಲ್ಲೇ ಅಗ್ಗವಾಗಿ ಕಟ್ಟಿಕೊಡಲು ಪಕ್ಕದ ಮನೆಯ ಬಡಗಿ ತಾಕ್ ಬಂದ.

“ಅಕ್ಕ, ಸುತ್ತ ಅಗೆದು ಕಲ್ಲು ಹೂಳ್ಬೇಕು. ನಾಳೆ ಒಂದಿನ ಕೊಡು.”

“ಆಗಲ್ಲ ಕಣೋ. ಪಂಚಾಂಗದ ಪ್ರಕಾರ ಕೆಲಸ ಕೆಡಿಸೋ ದೆವ್ವ ಇವತ್ತು ಊರಲ್ಲಿರಲ್ಲ, ನಾಳೆ ವಾಪಸ್ ಬರುತ್ತೆ. ಕಟ್ಟೋದೆಲ್ಲ ಇವತ್ತೇ ಮುಗೀಬೇಕು.”

“ಕೋಳಿ ತಿನ್ನೋದು ದೆವ್ವ ಅಲ್ಲಕ್ಕ, ಕಾಡುಬೆಕ್ಕು.”

“ಪಾನ್‌ದೊಲಜ್ಜನ ಮೊಮ್ಮಗಳಿಗೇ ಕಟ್ಟೋದು ಕಲಿಸ್ತೀಯಾ? ಸುಮ್ನೆ ಬಲೆ ಬಿಗಿ.”

ಸಂಜೆಯೊಳಗೆ ಗೂಡು ಎದ್ದಿತು. ಅಳಿಯ ಬರುವ ದಿನ ಬೆಳಿಗ್ಗೆ ನೋಡಿದರೆ ಬಲೆಯ ಕೆಳಗೆ ಮಣ್ಣು ಕೆದರಿತ್ತು. ಒಳಗೆ ಕೆಂಪು ಗರಿಗಳಷ್ಟೇ ಉಳಿದಿದ್ದವು. ಒಕ್‌ಸಿಮ್ ಬಗ್ಗಿ ಆ ಗರಿಗಳನ್ನು ಆಯ್ದಳು. ಗೋಡೆ ಎಬ್ಬಿಸುವ ಮೊದಲು ಅಜ್ಜ ಮೊಣಕಾಲುದ್ದ ಅಗೆಯುತ್ತಿದ್ದುದನ್ನು ಕಣ್ಣಾರೆ ಕಂಡವಳು ಅವಳು.

ತಾಕ್ ತನ್ನದೊಂದು ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. “ತಗೋ ಅಕ್ಕ. ಬೆಂದ್ಮೇಲೆ ಯಾರ ಮನೇದು ಅಂತ ಅಳಿಯಂಗೆ ಗೊತ್ತಾಗುತ್ತಾ?”

“ನನಗೆ ಗೊತ್ತಿರುತ್ತಲ್ಲೋ. ಬೇಡ, ತಗೊಂಡೋಗು. ಇವತ್ತು ಸೊಪ್ಪಿನ ಸಾರು ಬಡಿಸ್ತೀನಿ, ಯಾಕೆ ಅಂತ ನಾನೇ ಅವನಿಗೆ ಹೇಳ್ತೀನಿ.”