ಹಲಗೇರಿಯ ಎಂಜಿನ್ನು

ತಾಯಿಯ ಬಗ್ಗೆ ನನಗಿರುವುದು ಒಂದೇ ನೆನಪು. ಹಲಗೇರಿಯ ಹೊಲದಲ್ಲಿ, ಬಾವಿಯ ದಂಡೆಯ ಮೇಲೆ, ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ನೀರೆತ್ತುವ ಡೀಸೆಲ್ ಎಂಜಿನ್ನಿನ ಹ್ಯಾಂಡಲ್ ತಿರುಗಿಸುತ್ತಿದ್ದಾಳೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಅವಳು ತೀರಿಕೊಂಡಾಗ ನನಗೆ ನಾಲ್ಕೋ ಐದೋ ವರ್ಷ.

ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ಇದನ್ನು ಎಂದೂ ಒಪ್ಪಿಲ್ಲ. "ಅವ್ವ ಆ ಎಂಜಿನ್ ಸನೇಕ ಸುದ್ದಾ ಹೋಗತಿದ್ದಿಲ್ಲ. ಓದಿ ಓದಿ ತಲಿಯಾಗ ಸಿನಿಮಾ ತುಂಬಕೊಂಡೀದಿ," ಎನ್ನುತ್ತಾಳೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು ನಾನು; ನೆನಪು ಸುಳ್ಳು ಹೇಳುತ್ತದೆಂದು ಗೊತ್ತು. ಒಂದು ಊರು, ಒಂದು ನೌಕರಿ ಎಂದು ನಿಂತವನಲ್ಲ. ಹೋದಲ್ಲೆಲ್ಲ ಎಲ್ಲವನ್ನೂ ಅನುಮಾನಿಸಿದೆ. ಆದರೂ ಆ ಬೆನ್ನನ್ನು ಮಾತ್ರ ಬಿಟ್ಟುಕೊಡಲು ಆಗಲಿಲ್ಲ. ಅದೂ ಹೋದರೆ ತಾಯಿಯೆಂದು ಉಳಿಯುವುದೇನು?

ಹೋದ ವರ್ಷ ಅಕ್ಕ ಫೋನ್ ಮಾಡಿ, ಹಲಗೇರಿಯ ಕೊಟ್ಟಿಗೆಯಲ್ಲಿ ಬಿದ್ದಿದ್ದ ಆ ಎಂಜಿನ್ನನ್ನು ರಾಣೆಬೆನ್ನೂರಿನ ಗುಜರಿಯವನಿಗೆ ಹಾಕುತ್ತಿದ್ದೇನೆ ಎಂದಳು. ಹಾವೇರಿಯಿಂದ ನಾನು ಹೋಗುವಷ್ಟರಲ್ಲಿ ಅದು ಟೆಂಪೋ ಏರಿತ್ತು.

"ನಾ ಒಯ್ತೇನಿ," ಎಂದೆ.

ಗುಜರಿಯವ ನಕ್ಕ. "ಒಯ್ರಿ ಸರ್. ಇದಕ್ಕ ಮೇವು ಏನ್ ಹಾಕ್ತೀರಿ?"

ಸೈಕಲ್ಲಿನ ಚೈನು ಕಳಚಿದರೂ ಹಾಕಲು ಬಾರದವನು ನಾನು. ಅದೇ ಟೆಂಪೋದಲ್ಲಿ ಎಂಜಿನ್ನು ಹಾವೇರಿಯ ನನ್ನ ಹಿತ್ತಲಿಗೆ ಬಂತು.

ಮೊದಲ ಬೋಲ್ಟು ಸಡಿಲಾದ ದಿನ ಊಟ ಮರೆತೆ. ಬ್ಯಾಡಗಿಯ ಖಾರ ಕುಟ್ಟುವ ಗಿರಣಿಗಳು ಹಳೆಯ ಎಂಜಿನ್ ಕಿತ್ತು ಮೋಟಾರು ಕೂರಿಸಿಕೊಂಡಿವೆ; ಅಲ್ಲಿ ಮೂಲೆಗೆ ಬಿದ್ದ ರಿಂಗು, ವಾಲ್ವುಗಳನ್ನು ಹುಡುಕಿ ತಂದೆ. ಒರೆಸಿದಂತೆಲ್ಲ ಅವುಗಳಿಂದ ಖಾರಪುಡಿ ಹಾರುತ್ತಿತ್ತು. ಸೀನುತ್ತ ಕೆಲಸ ಮಾಡಿದೆ. ಐವತ್ತು ದಾಟಿದ ಮೇಲೆ ಇಷ್ಟು ಸುಖ ಎಲ್ಲಿಂದ ಬಂತೆಂದು ಬೆರಗಾಯಿತು.

ನಿಜವಾಗಿ ಬೆಚ್ಚಿದ್ದು ಬಣ್ಣ ಕೆರೆದಾಗ. ಪ್ರತಿ ವರ್ಷ ದಸರೆಯ ಖಂಡೇ ಪೂಜೆಗೆ ಅಪ್ಪ ಎಂಜಿನ್ನಿಗೆ ಹಸಿರು ಬಣ್ಣ ಬಳಿದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಿದ್ದ. ಡೀಸೆಲ್ ಟಾಕಿಯ ಮುಚ್ಚಳದಲ್ಲಿ ಗಾಳಿಯಾಡಲೆಂದು ಇರುವ ಸಣ್ಣ ತೂತು ಆ ಬಣ್ಣದ ಪದರಗಳಡಿ ಮುಚ್ಚಿಹೋಗಿತ್ತು. ಗಾಳಿ ಹೋಗದೆ ಡೀಸೆಲ್ ಇಳಿಯುವುದಿಲ್ಲ; ಓಡುವ ಎಂಜಿನ್ನು ನಡುವೆಯೇ ನಿಲ್ಲುತ್ತದೆ. ಅಪ್ಪ "ಮುದುಕಿ ಆತು" ಎಂದು ಅದನ್ನು ಕೊಟ್ಟಿಗೆಗೆ ತಳ್ಳಿ ಕರೆಂಟಿನ ಪಂಪು ತಂದಿದ್ದ. ಪೂಜೆ ಮಾಡಿ ಮಾಡಿಯೇ ಅದರ ಉಸಿರು ಕಟ್ಟಿಸಿದ್ದೆವು. ಸೂಜಿ ತಂದು ಆ ತೂತು ಬಿಡಿಸಿದೆ.

ಎಲ್ಲ ಜೋಡಿಸಿದ ಮೇಲೆ ಅಕ್ಕನನ್ನು ಕರೆಸಿದೆ. ಆ ಶಬ್ದ ಕೇಳಿದರೆ ಅವಳಿಗೂ ಅವ್ವ ನೆನಪಾಗಬಹುದೆಂಬ ಆಸೆ ನನ್ನದು. ಆದರೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಂಜಿನ್ನು ಗೊರಕೆ ಹೊಡೆದು ಸುಮ್ಮನಾಗುತ್ತಿತ್ತು.

"ಸಾಕ, ಅತ್ತಾಗ ಸರಿ ಪ್ರೊಫೆಸರ್ರ, ರಟ್ಟಿ ಮುರಕೊಂಡೀ," ಎಂದು ಅಕ್ಕ ಚಹಾದ ಕಪ್ಪು ಕೆಳಗಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಿಟಿಕೆ ಮಣ್ಣು ತೆಗೆದು ಅಂಗೈಗೆ ಉಜ್ಜಿ, ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಮಲಗಿದ ಮಗಳನ್ನು ಎಬ್ಬಿಸುವಂತೆ ಮೆಲ್ಲಗೆ ಹೇಳಿದಳು: "ಏಳವ್ವ, ಹೊತ್ತೇರೇತಿ."

ನನ್ನ ನೆನಪಿನ ಬೆನ್ನು ಆಡುವ ಮಾತು ಅದೇ. ನಾನೇ ಕಟ್ಟಿಕೊಂಡಿದ್ದಿರಬೇಕೆಂಬ ಅಂಜಿಕೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ.

ಅವಳು ಬಗ್ಗಿ, ಎಡಗೈಯಲ್ಲಿ ಎಂಜಿನ್ನಿನ ಮೇಲಿನ, ಒಳಗಿನ ಒತ್ತಡ ಬಿಡಿಸುವ ಸಣ್ಣ ಸನ್ನೆಗೋಲನ್ನು ಎತ್ತಿ ಹಿಡಿದು, ಬಲಗೈಯಲ್ಲಿ ಹ್ಯಾಂಡಲ್ ಬೀಸಿ, ವೇಗ ಬಂದೊಡನೆ ಸನ್ನೆ ಬಿಟ್ಟಳು. ಕರಿ ಹೊಗೆ ಉಗುಳಿ ಎಂಜಿನ್ನು ಓಡತೊಡಗಿತು. ನನಗೆ ಕಂಡದ್ದು ಬೆನ್ನು ಮಾತ್ರ.

"ಅದು ನೀನಾ?" ಎಂದೆ.

"ಮತ್ತ್ಯಾರು? ಅಪ್ಪ ಮೆಣಸಿನಕಾಯಿ ಹೇರಕೊಂಡು ಬ್ಯಾಡಗಿಗೆ ಹೋದ್ರ ನೀರು ಯಾರು ಹಾಯಸ್ತಿದ್ರು, ನೀನಾ? ಅವ್ವ ಸತ್ತಮ್ಯಾಲ ಆಕಿ ಸೀರಿ ನಾನ ಉಡತಿದ್ದೆ."

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಅವ್ವ ಅಂದಿ, ಅಲ್ಲ ಅಂದೆ. ಯಾರು ಅಂತ ಯಾವಾಗ ಕೇಳೀದಿ?"

ನೆನಪು ಸುಳ್ಳಾಗಿರಲಿಲ್ಲ. ಸೆರಗು, ಮಾತು, ಬಗ್ಗಿದ ರೀತಿ, ಎಲ್ಲ ಸರಿಯಿತ್ತು. ತಾಯಿ ಮಾತ್ರ ಅದರಲ್ಲಿ ಇರಲಿಲ್ಲ.

"ಹಂಗಾದ್ರ ಅವ್ವ ಹೆಂಗ ಇದ್ಲು?" ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ಕಿವಿಗೆ ಕೈ ಹಿಡಿದಳು. "ಮೊದಲ ಇದನ್ನ ಬಂದ್ ಮಾಡು. ಏನೂ ಕೇಳಸವಲ್ದು."

ಸನ್ನೆಯ ಮೇಲೆ ಕೈ ಇಟ್ಟೆ. ಅದನ್ನೆತ್ತಿದರೆ ಎಂಜಿನ್ನು ನಿಲ್ಲುತ್ತದೆ; ಎತ್ತಲು ಕೈ ಬರಲಿಲ್ಲ.