ಆಲಿವ್ ಕಾಯಿಯೊಳಗಿನ ಹುಳ

ಬ್ರಿಸ್ಬೇನ್‌ನಲ್ಲಿ ಮನೆಯಂಗಳದ ಸೀಬೆಹಣ್ಣನ್ನು ಯಾರೂ ನೋಡದೆ ಕಚ್ಚುವುದಿಲ್ಲ. ಕತ್ತರಿಸಿ, ಬೆಳಕಿಗೆ ಹಿಡಿದು, ಹಣ್ಣುನೊಣದ ಹುಳ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬಾಯಿಗೆ. ಅಲ್ಲಿ ಓದುತ್ತಿದ್ದಾಗ ನಾನು ಪ್ರಯೋಗಾಲಯವೊಂದರಲ್ಲಿ ಹಣ್ಣುನೊಣಗಳನ್ನು ಸಾಕುವ ಅರೆಕಾಲಿಕ ಕೆಲಸ ಮಾಡುತ್ತಿದ್ದೆ. ಆಮೇಲೆ ಅಡಿಲೇಡ್‌ಗೆ ಬಂದರೆ, ಜನ ಮರದಿಂದ ಕಿತ್ತ ಪೀಚ್ ಹಣ್ಣನ್ನು ಅಂಗಿಗೆ ಒರೆಸಿ ಹಾಗೇ ಕಚ್ಚುತ್ತಿದ್ದರು. ಆ ಊರಿನಲ್ಲಿ ಹಣ್ಣುನೊಣ ನೆಲೆಯೂರಿರಲಿಲ್ಲ. ಹೊರರಾಜ್ಯದಿಂದ ಕಾರಿನಲ್ಲಿ ಬರುವವರು ದಾರಿಯ ತಪಾಸಣಾ ಠಾಣೆಯಲ್ಲಿ ಹಣ್ಣನ್ನೆಲ್ಲ ತೊಟ್ಟಿಗೆ ಹಾಕಿಯೇ ಮುಂದೆ ಹೋಗಬೇಕಿತ್ತು.

ಊರಾಚೆಯ ಆಲಿವ್ ತೋಟವೊಂದರಲ್ಲಿ ಕೊಯ್ಲು ಮುಗಿಯುವ ತನಕ ಕೀಟಗಳ ಮೇಲೆ ಕಣ್ಣಿಡುವ ಕೆಲಸ ನನಗೆ ಸಿಕ್ಕಿತ್ತು. ಅಡಿಲೇಡ್‌ನ ಮಾಡ್ಬರಿ ಬಡಾವಣೆಯಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ದಂಪತಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಂಕಲ್ ಮಸ್ಕತ್ತಿನಲ್ಲಿ ದುಡಿದು ಬಂದವರು. ಆಂಟಿ ಆಸ್ಪತ್ರೆಯಲ್ಲಿ ನರ್ಸ್. ಹಿತ್ತಲಲ್ಲಿ ಹಿಂದಿನ ಮಾಲೀಕರು ನೆಟ್ಟ ಆಲಿವ್ ಮರವಿತ್ತು. ಅಂಕಲ್ ಅದರ ಕಾಯಿಯನ್ನು ಮಾವಿನ ಮಿಡಿಯಂತೆ ಉಪ್ಪುನೀರಿಗೆ ಹಾಕಿ, ಸಾಸಿವೆ ಮೆಣಸು ಅರೆದು ಉಪ್ಪಿನಕಾಯಿ ಮಾಡುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಪರಿಚಯದವರಿಗೆಲ್ಲ ಒಂದೊಂದು ಚೀಲ ಹಸಿ ಕಾಯಿ ಹಂಚುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಅಂಕಲ್ ಮತ್ತು ನಾನು ಹಿತ್ತಲ ಕಟ್ಟೆಯಲ್ಲಿ ಕೂತು ಕಾಯಿ ಆರಿಸುತ್ತಿದ್ದೆವು. ಒಂದು ಕಾಯಿ ಬೆರಳಿಗೆ ಮೆತ್ತಗೆ ತಗುಲಿತು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಕಲೆ. ಒತ್ತಿದೆ. ಬಿಳಿ ಹುಳ ಹೊರಬಂತು.

ಅದನ್ನು ತಟ್ಟೆಗೆ ಹಾಕಿಕೊಂಡು ನೋಡಿದೆ. ಹುಳ ತಲೆಗೆ ಬಾಲ ಸೇರಿಸಿ ಬಳೆಯಂತೆ ಬಾಗಿತು, ಮರುಕ್ಷಣ ಚಂಗನೆ ನೆಗೆದು ಅಂಕಲ್ ಪಾದದ ಹತ್ತಿರ ಬಿತ್ತು. ಕೊಳೆತ ಹಣ್ಣಿನಲ್ಲಿ ಸಾಮಾನ್ಯವಾಗಿ ಕಾಣುವ ಹುಳಗಳು ಹೀಗೆ ನೆಗೆಯುವುದಿಲ್ಲ. ಹಣ್ಣುನೊಣದ ಹುಳ ನೆಗೆಯುತ್ತದೆ.

"ಎಂತ ಮಾರಾಯ್ತಿ ಇದು, ಹಾರ್ತದಲ್ಲ!" ಅಂಕಲ್ ಕಾಲು ಹಿಂದೆಳೆದುಕೊಂಡರು.

"ತುಳೀಬೇಡಿ ಅಂಕಲ್." ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. "ಆಲಿವ್‌ಗೇ ಅಂತ ಒಂದು ನೊಣ ಇದೆ. ಕಾಯೊಳಗೆ ಮೊಟ್ಟೆ ಇಡುತ್ತೆ, ಹುಳ ತಿರುಳು ತಿಂದು ಎಣ್ಣೆ ಕೆಡಿಸುತ್ತೆ. ಅದು ಈ ದೇಶಕ್ಕೆ ಇನ್ನೂ ಬಂದೇ ಇಲ್ಲ. ಇದು ಅದೇ ಆಗಿದ್ರೆ..."

"ಒಂದು ಹುಳ ಅಲ್ವಾ ಮಗಾ. ಬಿಸಿನೀರು ಹಾಕುವಾ, ಮುಗೀತು."

"ಒಂದೇ ಇರಲ್ಲ ಅಂಕಲ್. ಬೆಳೆದ ಹುಳ ಮಣ್ಣಿಗಿಳಿದು ಕೋಶ ಕಟ್ಟುತ್ತೆ, ನೊಣ ಆಗಿ ಹೊರಗೆ ಬರುತ್ತೆ. ಕೃಷಿ ಇಲಾಖೆಗೆ ಫೋನ್ ಮಾಡ್ಬೇಕು."

"ಫೋನ್ ಮಾಡಿದ್ರೆ ಮನೆಗೆ ಬರ್ತಾರೆ. ಇಡೀ ಬೀದಿ ನಮ್ಮನ್ನೇ ನೋಡ್ತದೆ." ಅವರ ಧ್ವನಿ ಒಮ್ಮೆಲೇ ಗಡುಸಾಯಿತು. "ನಿನ್ನ ತೋಟದ ಕಾಯಿಯನ್ನೂ ಹೊರಗೆ ಬಿಡ್ಲಿಕ್ಕಿಲ್ಲ. ಆಗ ನಿನ್ನ ಕೆಲಸ?"

ಅದೇ ಯೋಚನೆ ನನ್ನ ತಲೆಯಲ್ಲೂ ಬಂದು ಹೋಗಿತ್ತು.

ಅಷ್ಟರಲ್ಲಿ ಆಂಟಿ ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಹಿತ್ತಲಿಗೆ ಬಂದರು. ನಾನು ಹೇಳಿದ್ದನ್ನು ನಿಂತೇ ಕೇಳಿಸಿಕೊಂಡರು. "ವಾರ್ಡಲ್ಲಿ ಒಬ್ಬರಿಗೆ ಸೋಂಕು ಬಂದ್ರೆ ಮುಚ್ಚಿಡ್ಲಿಕ್ಕುಂಟಾ? ಎಲ್ಲಿಂದ ಬಂತು ಅಂತ ಮೊದ್ಲು ಕೇಳ್ತೇವೆ." ಗಂಡನ ಕಡೆ ತಿರುಗಿದರು. "ಎಲ್ಲಿಂದ ಬಂತು?"

ಅಂಕಲ್ ಮರದ ಬುಡವನ್ನೇ ನೋಡುತ್ತಿದ್ದರು. ಕಡೆಗೆ ಬಾಯಿ ಬಿಟ್ಟರು. ಬೇಸಿಗೆಯ ಕೊನೆಯಲ್ಲಿ ಅವರ ತಮ್ಮ ಪರ್ತ್‌ನ ವಿಲೆಟನ್‌ನಿಂದ ಕಾರಿನಲ್ಲಿ ಬಂದಿದ್ದ. ಅಣ್ಣನಿಗೆ ಇಷ್ಟವೆಂದು ಮನೆಯ ಸೀಬೆಹಣ್ಣುಗಳನ್ನು ಸೀಟಿನ ಕೆಳಗೆ ಬಚ್ಚಿಟ್ಟು ತಂದಿದ್ದ. ಅರ್ಧದಷ್ಟು ಹಣ್ಣುಗಳು ದಾರಿಯಲ್ಲೇ ಕೊಳೆತಿದ್ದವು. "ಗೊಬ್ಬರ ಆಗ್ತದೆ ಅಂತ ಅಲ್ಲೇ ಹುಗಿದೆ," ಎಂದು ಬುಡದತ್ತ ಬೆರಳು ತೋರಿಸಿದರು.

ಆಂಟಿ ಬೈಯಲಿಲ್ಲ. ಒಳಗೆ ಹೋಗಿ ಫೋನ್ ತಂದು ನನ್ನ ಕೈಗಿಟ್ಟರು. "ನೀನೇ ಮಾತಾಡು. ನಿನಗೆ ಗೊತ್ತುಂಟು."

ಮರುದಿನ ಬೆಳಿಗ್ಗೆ ಇಲಾಖೆಯ ಇಬ್ಬರು ಬಂದರು. ಕಾಯಿ ಕತ್ತರಿಸಿದರು, ಬುಡದ ಮಣ್ಣು ಜರಡಿ ಹಿಡಿದರು, ಅಕ್ಕಪಕ್ಕದ ಅಂಗಳಗಳಲ್ಲಿ ನೊಣ ಹಿಡಿಯುವ ಬಲೆಡಬ್ಬಿ ತೂಗುಹಾಕಿದರು. ಇನ್ನೂ ಎರಡು ಕಾಯಿಗಳಲ್ಲಿ ಹುಳಗಳು ಸಿಕ್ಕವು. ಪರ್ತ್‌ನಲ್ಲಿರುವುದು ಮೆಡಿಟರೇನಿಯನ್ ಹಣ್ಣುನೊಣ. ಅದು ನೂರಾರು ಬಗೆಯ ಹಣ್ಣುಗಳಿಗೆ ಬೀಳುತ್ತದೆ, ಅಪರೂಪಕ್ಕೆ ಆಲಿವ್‌ಗೂ. ಅದೇ ಇರಬಹುದೆಂದು ನಾನು ಹೇಳಿದಾಗ, ಬಂದಿದ್ದ ಹೆಂಗಸು ತಲೆಯಾಡಿಸಿ, ಲ್ಯಾಬ್‌ನವರು ಹೇಳುವ ತನಕ ತೋಟದ ಕಡೆ ಹೋಗಬೇಡ ಎಂದಳು. ತೋಟದ ಮಾಲೀಕರಿಗೆ ನಾನೇ ಫೋನ್ ಮಾಡಿದೆ. ಫಲಿತಾಂಶ ಬಂದ ಕೂಡಲೇ ತಿಳಿಸು ಎಂದರು.

ಆಂಟಿ ಕಾಯಿ ಪಡೆದ ಮನೆಗಳಿಗೆಲ್ಲ ಒಂದಾದ ಮೇಲೊಂದು ಫೋನ್ ಮಾಡುತ್ತಿದ್ದರು: "ಚೀಲ ಬಿಚ್ಚಬೇಡಿ, ಹಾಗೇ ಫ್ರೀಜರಿಗೆ ಹಾಕಿ, ಇಲಾಖೆಯವರು ಬಂದು ತಗೊಳ್ತಾರೆ." ಕೆಲವರು ನಕ್ಕರು, ಒಬ್ಬರು ಸಿಟ್ಟಾದರು. ಅಂಕಲ್ ಊಟಕ್ಕೂ ಸರಿಯಾಗಿ ಕೂರಲಿಲ್ಲ. ತಮ್ಮನಿಗೆ ಫೋನ್ ಮಾಡಲು ಹೋಗಿ ಎರಡು ಸಲ ಕೆಳಗಿಟ್ಟರು.

ಮಂಗಳವಾರ ಫಲಿತಾಂಶ ಬಂತು. ಆಲಿವ್ ನೊಣವಲ್ಲ, ಪರ್ತ್‌ನದೇ. ದೇಶದ ಆಲಿವ್ ತೋಟಗಳು ಉಳಿದವು, ಆದರೆ ನಮ್ಮ ಬಡಾವಣೆಗೆ ದಿಗ್ಬಂಧನ ಬಿತ್ತು. ಮನೆಯಲ್ಲಿ ಬೆಳೆದ ಯಾವ ಹಣ್ಣೂ ಅಂಗಳ ದಾಟುವಂತಿಲ್ಲ. ಮರದ ಕಾಯಿಯನ್ನೆಲ್ಲ ಕಿತ್ತು ಒಯ್ದರು. ಎಲೆಗಳ ಮೇಲೆ ಅಲ್ಲಲ್ಲಿ ವಿಷ ಬೆರೆಸಿದ ಯೀಸ್ಟ್ ದ್ರವ ಸಿಂಪಡಿಸಿದರು. ಮೊಟ್ಟೆ ಬಲಿಯಲು ಹೆಣ್ಣುನೊಣಕ್ಕೆ ಯೀಸ್ಟ್‌ನಲ್ಲಿರುವಂಥ ಪ್ರೋಟೀನ್ ಬೇಕು. ಅದರ ಆಸೆಗೆ ಬಂದು ಸಾಯುತ್ತದೆ. ತೋಟ ಆ ವಲಯದ ಹೊರಗಿತ್ತು. ಮಾಲೀಕರು ನನ್ನನ್ನು ವಾಪಸ್ ಕರೆದರು.

ಕೆಲವು ವಾರಗಳ ನಂತರ ಇಲಾಖೆಯವರೇ ನೊಣ ಬಿಡತೊಡಗಿದಾಗ ಅಂಕಲ್ ಗಾಬರಿಯಿಂದ ನನ್ನ ಕೋಣೆಯ ಬಾಗಿಲು ಬಡಿದರು. "ಮತ್ತೆ ಅವರೇ ಬಿಡ್ತಿದ್ದಾರಲ್ಲ!"

"ಅವು ಸಂತಾನಶಕ್ತಿ ಇಲ್ಲದ ಗಂಡುಗಳು ಅಂಕಲ್. ಇವುಗಳ ಜೊತೆ ಕೂಡಿದ ಹೆಣ್ಣು ಇಡೋ ಮೊಟ್ಟೆ ಒಡೆಯಲ್ಲ."

ಅವರು ನಂಬದೆ ಕಿಟಕಿಯ ಪರದೆಯ ಮೇಲೆ ಕೂತ ನೊಣವನ್ನೇ ನೋಡಿದರು. ಗುರುತಿಗೆ ಹಾಕಿದ ಬಣ್ಣದ ಪುಡಿ ಅದರ ಮೈಯಲ್ಲಿ ಇನ್ನೂ ಅಂಟಿತ್ತು.

ಚಳಿಗಾಲ ಕಳೆಯಿತು. ಬಲೆಡಬ್ಬಿಗಳಲ್ಲಿ ಪುಡಿ ಹಚ್ಚಿದ ನೊಣಗಳು ಬಿಟ್ಟು ಬೇರೇನೂ ಬೀಳಲಿಲ್ಲ. ದಿಗ್ಬಂಧನ ಎತ್ತಿದ ವಾರ, ಚರ್ಚಿನಲ್ಲಿ ಭಾನುವಾರದ ಪೂಜೆಯ ನಂತರ ಚಹಾ ಕುಡಿಯುತ್ತಿದ್ದವರ ನಡುವೆ ಅಂಕಲ್ ತಾವಾಗಿ ನಿಂತು, ಹಣ್ಣು ಬಂದದ್ದು ಹೇಗೆ, ಹುಗಿದವರು ಯಾರು ಎಂದು ಎಲ್ಲವನ್ನೂ ಹೇಳಿದರು. ಆಂಟಿ ಗಂಡನ ಖಾಲಿ ಲೋಟ ತೆಗೆದುಕೊಂಡು ಇನ್ನೊಂದು ಚಹಾ ತರಲು ಹೋದರು.